ಪದಚರ್ಚೆ: ಫೈಬರ್ ದೋಣಿಯ ‘ಕೋರ್’ - ತಿರುಳೋ, ಹೂರಣವೋ, ಬೆಂಡೋ?

ಬಳಗದವರಿಗೆ ನಮಸ್ಕಾರ.

ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ. ನಾನು ಕುಮಟೆಯವನು. ಹನ್ನೊಂದು ವರ್ಷದಿಂದ ಗೋವಾದ ವಾಸ್ಕೋದಲ್ಲಿದ್ದೇನೆ, ಜುವಾರಿ ದಂಡೆಯ ಒಂದು ದೋಣಿ ರಿಪೇರಿ ಯಾರ್ಡಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಹೊನ್ನಾವರದ ನಮ್ಮ ಭಾವ ಮತ್ತು ಅವರ ಮೂವರು ಪಾಲುದಾರರು ಶರಾವತಿಯಲ್ಲಿ ಪ್ರವಾಸಿಗಳನ್ನು ಸುತ್ತಾಡಿಸಲು ಇಲ್ಲಿಂದ ಒಂದು ಹಳೇ ಮೋಟರ್ ಬೋಟು ಕೊಳ್ಳುವ ಯೋಚನೆಯಲ್ಲಿದ್ದಾರೆ. ಎಂಬತ್ತರ ದಶಕದ್ದು, ಅಮೆರಿಕದಲ್ಲಿ ಕಟ್ಟಿದ್ದು. ದೋಣಿಯ ಸ್ಥಿತಿ ಪರೀಕ್ಷಿಸಿದ ಸರ್ವೇಯರ್ ಕೊಟ್ಟ ವರದಿ ಇಂಗ್ಲಿಷಿನಲ್ಲಿದೆ. ‘ನಾಲ್ಕು ಜನ ಓದಿ ಸಹಿ ಹಾಕಬೇಕು, ಕನ್ನಡದಲ್ಲಿ ಬರೆದುಕೊಡು ಮಾರಾಯ’ ಎಂದರು ಭಾವ. ಒಪ್ಪಿಕೊಂಡೆ. ಎರಡನೇ ಪುಟದಲ್ಲೇ ಸಿಕ್ಕಿಬಿದ್ದೆ.

ದೋಣಿಯ ಒಡಲು ನೀರಿನ ಗೆರೆಯ ಕೆಳಗೆ ‘ಸಾಲಿಡ್’, ಮೇಲೆ ‘ಬಾಲ್ಸಾ ಕೋರ್’ ಎಂದು ಅಲ್ಲಿತ್ತು. ನಾನು ‘ಕೆಳಗೆ ಘನ, ಮೇಲೆ ತಿರುಳುಳ್ಳದ್ದು’ ಎಂದು ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು. ‘ಕೆಳಗೆ ಗಟ್ಟಿ ಅಂದ್ರೆ ಮೇಲೆ ಟೊಳ್ಳು ಅಂತಾಯ್ತಲ್ಲ? ಟೊಳ್ಳು ದೋಣಿಗೆ ಯಾರು ದುಡ್ಡು ಕೊಡ್ತಾರೆ?’

ಭಾವನ ತಪ್ಪಿಲ್ಲ. ಘನ, ಗಟ್ಟಿ ಎಂದ ಕೂಡಲೇ ನಮ್ಮ ಕಿವಿ ಟೊಳ್ಳನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಇಲ್ಲಿ ಟೊಳ್ಳು ಎಲ್ಲೂ ಇಲ್ಲ. ಸಾಲಿಡ್ ಒಡಲೆಂದರೆ ಅಚ್ಚಿನೊಳಗೆ ಗಾಜುನಾರಿನ ಚಾಪೆ, ರಾಳ, ಮತ್ತೆ ಚಾಪೆ, ಮತ್ತೆ ರಾಳ ಹೀಗೆ ಹಾಸುತ್ತಾ ಹೋದದ್ದು, ನಡುವೆ ಬೇರೇನೂ ಇಲ್ಲ. ಕೋರ್ ಇರುವ ಒಡಲಿನಲ್ಲಿ ಗಾಜುನಾರಿನ ಎರಡು ತೆಳು ಹಾಸುಗಳ ನಡುವೆ ಹಗುರವಾದ ಇನ್ನೊಂದು ವಸ್ತು ಅಂಟಿ ಕೂತಿರುತ್ತದೆ: ಬಾಲ್ಸಾ ಮರದ ಬಿಲ್ಲೆಗಳು, ಇಲ್ಲವೇ ಪಿವಿಸಿ ಫೋಮು. ಸಾಲಿಡ್ ಒಡಲು ಇಲ್ಲಿಯ ಬೆಬಿಂಕಾ ಎಂಬ ಸಿಹಿತಿಂಡಿಯ ಹಾಗೆ, ಪದರವೋ ಪದರ. ಕೋರ್ ಇರುವ ಒಡಲು ನಮ್ಮ ಹೋಳಿಗೆ.

ಹಾಗಾದರೆ ಹೂರಣ ಎನ್ನಬಹುದೇ? ಚಿತ್ರ ಸರಿಯಾಗಿ ಕೂರುತ್ತದೆ, ಆದರೆ ಬೆಲೆ ತಲೆಕೆಳಗಾಗುತ್ತದೆ. ಹೋಳಿಗೆಯಲ್ಲಿ ಹೂರಣವೇ ಮುಖ್ಯ, ಕಣಕ ಅದನ್ನು ಹಿಡಿದಿಡಲು. ದೋಣಿಯಲ್ಲಿ ಬಲವೆಲ್ಲ ಹೊರಗಿನ ಎರಡು ಹಾಸುಗಳದ್ದು. ನಡುವಿನದು ಅವೆರಡನ್ನೂ ದೂರ ನಿಲ್ಲಿಸುತ್ತದೆ, ಒಂದರ ಮೇಲೊಂದು ಜಾರದಂತೆ ಹಿಡಿಯುತ್ತದೆ. ತಿರುಳಿಗೂ ಇದೇ ತೊಡಕು. ಕವಿರಾಜಮಾರ್ಗದ ಕಾಲದಿಂದ ತಿರುಳೆಂದರೆ ಸಾರ, ಒಳ್ಳೆಯ ಭಾಗ. ಮರದ ಚೇಗು ಎಂದುಬಿಟ್ಟರಂತೂ ಪೂರ್ತಿ ಉಲ್ಟಾ, ಚೇಗು ಮರದಲ್ಲೇ ಅತಿ ಗಟ್ಟಿಯಾದದ್ದು. ಹಲಸಿನ ಗೂಂಜು ನೆನಪಾಯಿತು, ನಗು ಬಂತು, ಬಿಟ್ಟೆ.

‘ಘನ’ದ ವಿಷಯದಲ್ಲಿ ಇನ್ನೊಂದು ತಮಾಷೆ. ಹಲಗೆಯೊಂದು ಬಾಗದೆ ನಿಲ್ಲುವ ಗುಣ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ 2 ಪಟ್ಟಾದರೆ ಬಿಗಿ 8 ಪಟ್ಟು. ಆದರೆ ಬರೀ ಗಾಜುನಾರನ್ನೇ 2 ಪಟ್ಟು ಹಾಸಿದರೆ ತೂಕವೂ 2 ಪಟ್ಟು. ಅದೇ ಗಾಜುನಾರನ್ನು ಎರಡಾಗಿ ಬಿಡಿಸಿ ನಡುವೆ ಹಗುರ ವಸ್ತು ಇಟ್ಟು ಒಟ್ಟು ದಪ್ಪವನ್ನು 2 ಪಟ್ಟು ಮಾಡಿದರೆ ಬಿಗಿ ಸುಮಾರು 7 ಪಟ್ಟಾಗುತ್ತದೆ, ತೂಕ ಏರುವುದು ತೀರಾ ಕಡಿಮೆ. ಬಾಲ್ಸಾ ಒಂದು ಘನ ಮೀಟರಿಗೆ ಸುಮಾರು 150 ಕಿಲೋ, ರಾಳ ಕುಡಿದ ಗಾಜುನಾರು ಸುಮಾರು 1500. ವೇಗದ ದೋಣಿ ಕಟ್ಟುವವರು ಕೋರಿಗೆ ಮನಸೋತದ್ದು ಇದಕ್ಕೇ. ದೋಣಿಗಿಂತ ಮೊದಲು ವಿಮಾನದವರು ಸೋತಿದ್ದರು: ಎರಡನೇ ಮಹಾಯುದ್ಧದ ಬ್ರಿಟನ್ನಿನ ಮೊಸ್ಕಿಟೊ ವಿಮಾನದ ಮೈ ಪ್ಲೈವುಡ್ ಹಾಸುಗಳ ನಡುವೆ ಬಾಲ್ಸಾ ಇಟ್ಟು ಮಾಡಿದ್ದು. ಇದನ್ನೆಲ್ಲ ‘ಘನ ಒಡಲಿನ ದಪ್ಪದ ಘನ’ ಎಂದು ಬರೆದರೆ ಓದಿದವರು ನನ್ನ ತಲೆಯನ್ನೇ ಘನ ಎಂದಾರು.

ಪದ ಕೊನೆಗೆ ಸಿಕ್ಕಿದ್ದು ಯಾರ್ಡಿನಲ್ಲೇ. ಗದಗ ಕಡೆಯ ಒಬ್ಬರು ಇಲ್ಲಿ ಫೈಬರ್ ಹಾಸುವ ಕೆಲಸ ಮಾಡುತ್ತಾರೆ. ಅದೇ ದೋಣಿಯ ಪಕ್ಕೆಯನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಬಡಿಯುತ್ತಾ ಬಂದರು, ನಾವು ಹಲಸು ಬಡಿದು ನೋಡುವ ಹಾಗೇ. ಟಕ್ ಟಕ್ ಎನ್ನುತ್ತಿದ್ದದ್ದು ಒಂದು ಕಡೆ ಬೊದ್ ಎಂದಿತು. ಏನೆಂದು ಕೇಳಿದೆ. ‘ನಡುವ ಬೆಂಡ ಐತ್ರೀ ಸರ, ನೀರ ಕುಡದೈತಿ.’ ಅವರಿಗೆ ಬೆಂಡೆಂದರೆ ಜೋಳದ ದಂಟಿನ ಒಳಗಿನದು, ಹುಡುಗರು ಆಟದ ಗಾಡಿ ಮಾಡುವ ವಸ್ತು. ನನಗೆ ಬೆಂಡೆಂದರೆ ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವುದು. ಇಬ್ಬರದ್ದೂ ಹಗುರ, ಇಬ್ಬರದ್ದೂ ತೇಲುತ್ತದೆ, ಯಾವುದಕ್ಕೂ ತನ್ನಷ್ಟಕ್ಕೆ ಹೆಚ್ಚು ಬಲವಿಲ್ಲ. ಕೋರಿಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಕಂಡಿಲ್ಲ. ‘ನೀರು ಕುಡಿದಿದೆ’ ಎಂಬುದನ್ನೂ ವರದಿಗೆ ಹಾಗೇ ಎತ್ತಿಕೊಂಡೆ.

ಅಡ್ಡಿ ಒಂದಿದೆ. ಬಸವಳಿದವನನ್ನು ‘ಬೆಂಡಾದ’ ಎನ್ನುತ್ತೇವೆ. ‘ಬೆಂಡೊಡಲಿನ ದೋಣಿ’ ಎಂದರೆ ಹಳೇ ಲಡ್ಡು ದೋಣಿ ಎಂದು ಕೇಳೀತೇ? ಪಾಲುದಾರರಲ್ಲಿ ಒಬ್ಬರು ಆಗಲೇ ಹಿಂಜರಿಯುತ್ತಿದ್ದಾರೆ.

ಸಾಲಿಡ್‌ಗೆ ‘ಅಚ್ಚ ಫೈಬರ್’ ಎಂದು ಯೋಚಿಸಿದ್ದೆ, ಅಚ್ಚಗನ್ನಡದ ಹಾಗೆ. ಕೈಬಿಟ್ಟೆ, ಏಕೆಂದರೆ ಅಚ್ಚ ಎಂದರೆ ಇನ್ನೊಂದು ಕಲಬೆರಕೆ ಎಂದಾಗುತ್ತದೆ. ಮೇಲಾಗಿ ಹಳೇ ದೋಣಿಗಳಲ್ಲಿ ಸಾಲಿಡ್ ಎನ್ನಿಸಿಕೊಂಡ ಒಡಲಿನಲ್ಲೂ ಉದ್ದದ ತೊಲೆಗಳೊಳಗೆ, ಎಂಜಿನ್ ತೂಗುವ ಹಿಂಭಾಗದ ಹಲಗೆಯೊಳಗೆ ಪ್ಲೈವುಡ್ ಇರುವುದು ಮಾಮೂಲು. ಅದೂ ಕೊಳೆಯುತ್ತದೆ. ಆದ್ದರಿಂದ ‘ಬರೀ ಫೈಬರ್’ ಎಂದಷ್ಟೇ ಬರೆದಿದ್ದೇನೆ, ಅದೂ ಒಡಲಿಗೆ ಮಾತ್ರ.

ನನಗೆ ಹೆಚ್ಚು ಬೇಕಾದದ್ದು ‘ಡಿಲ್ಯಾಮಿನೇಶನ್’ಗೆ ಮಾತು. ಹಿಂದಿನ ಮಾಲೀಕರು ಕಂಬಿಗೋ ದೀಪಕ್ಕೋ ತೂತು ಕೊರೆದು ಸರಿಯಾಗಿ ಮುಚ್ಚದೆ ಬಿಟ್ಟಿರುತ್ತಾರೆ, ಅಲ್ಲಿಂದ ನೀರು ಇಳಿದು ಬಾಲ್ಸಾ ಕೊಳೆತು ಹೊರ ಹಾಸು ಕಳಚಿಕೊಳ್ಳುತ್ತದೆ. ಫೋಮು ಕೊಳೆಯುವುದಿಲ್ಲ, ಆದರೆ ಅದರಿಂದಲೂ ಹಾಸು ಬಿಡಬಹುದು. ದುರಸ್ತಿಗೆ ಒಂದು ಹಾಸನ್ನು ಕೊಯ್ದು ತೆಗೆದು, ಕೊಳೆತದ್ದನ್ನು ಕೆರೆದು, ಒಣಗಿಸಿ, ಹೊಸದು ಕೂರಿಸಿ ಮತ್ತೆ ಹಾಸಬೇಕು. ಖರ್ಚೆಲ್ಲ ಅಲ್ಲಿ. ‘ಪದರಭಂಗ’ ಎಂದು ಬರೆದರೆ ಭಾವ ವೈದ್ಯರ ಬಳಿ ಹೋಗು ಎಂದಾರು. ಗೋಡೆಗೆ ನಾವು ‘ಗಾರೆ ಬಿಟ್ಟಿದೆ’ ಎನ್ನುತ್ತೇವಲ್ಲ, ಹಾಗೆ ‘ಹಾಸು ಬಿಟ್ಟಿದೆ’ ಎಂದರೆ ತಿಳಿದೀತೇ?

ಮಲ್ಪೆ, ಮಂಗಳೂರು, ತದಡಿಯ ಕಡೆ ಫೈಬರ್ ದೋಣಿ ಕಟ್ಟುವವರ ಬಾಯಲ್ಲಿ ಇವಕ್ಕೆ ಏನೆನ್ನುತ್ತಾರೆ? ಕೋರ್, ಸ್ಯಾಂಡ್‌ವಿಚ್ ಅಂತಲೇ ಇದ್ದರೆ ಅದನ್ನೇ ಇಡುತ್ತೇನೆ, ಹಟವಿಲ್ಲ. ಬೆಂಡು ಬಯ್ಗುಳದಂತೆ ಕೇಳುತ್ತದೆಯೇ ಎಂಬುದನ್ನು ಮಾತ್ರ ಕರಾವಳಿಯವರೂ ಬಯಲುಸೀಮೆಯವರೂ ಬೇರೆ ಬೇರೆಯಾಗಿ ಹೇಳಿ. ಭಾನುವಾರ ಭಾವ ಬರುತ್ತಾರೆ, ಅಷ್ಟರೊಳಗೆ ಉತ್ತರ ಸಿಕ್ಕರೆ ಉಪಕಾರ.