ನಟನೆಯಿಂದ ಸಂಗೀತ ನಾಟಕದ ನಿರ್ದೇಶನಕ್ಕೆ: ಎಲ್ಲಿಂದ ಶುರು ಮಾಡಬೇಕು?

ಗಂಗಾವತಿ ರಂಗಾಸಕ್ತ:
ಇಷ್ಟು ವರ್ಷ ಹಾಡುವ ಪಾತ್ರಗಳನ್ನೇ ಮಾಡಿದ್ದೇನೆ. ಈಗ ಎರಡು ತಾಸಿನ, 11 ಹಾಡುಗಳಿರುವ ನಾಟಕ ನಿರ್ದೇಶಿಸಬೇಕಿದೆ. ನಾಯಕನ ಪಾತ್ರವೂ ನನ್ನದೇ. ತಾಲೀಮಿಗೆ 45 ದಿನ, ಪ್ರಯೋಗ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ. ನಾಯಕಿ ಜೊತೆಗಿನ ಹಾಡಿನಲ್ಲಿ ಶ್ರುತಿ ಕೂಡುತ್ತಿಲ್ಲ. ದಾರಿ ಹೇಳಿ.

ಸಿಂಧನೂರು ಪೇಟಿ ಮಾಸ್ತರ:
ಮೊದಲು ಶ್ರುತಿಪಟ್ಟಿ ಮಾಡ್ರಿ. ಪ್ರತಿ ಹಾಡಿಗೂ ಪಾತ್ರ, ಶ್ರುತಿ, ತಾಳ, ಯಾವ ಮಾತು ಮುಗಿದ ಮ್ಯಾಲೆ ಎತ್ತಬೇಕು ಅನ್ನೋದು ಬರೀರಿ. ಗಂಡಸರ ದನಿ ಕರಿ 1ರ (ಪೇಟಿ, ಅಂದ್ರ ಹಾರ್ಮೋನಿಯಂನ ಮೊದಲ ಕರಿ ಮನಿ) ಆಸುಪಾಸು, ಹೆಣ್ಮಕ್ಕಳದು ಬಹಳ ಸಲ ಕರಿ 4, ಕರಿ 5. ಇಬ್ಬರನ್ನೂ ಒಂದೇ ಷಡ್ಜಕ್ಕ (ಸ) ಎಳೆದ್ರ ಒಬ್ರು ಕಿರುಚ್ತಾರ, ಇನ್ನೊಬ್ರ ದನಿ ಮುಳುಗ್ತದ. ನೀವು ಕರಿ 1ರಾಗ ಹಾಡ್ರಿ, ನಿಮ್ಮ ಮಧ್ಯಮ (ಮ) ಆಕೆಯ ಷಡ್ಜ ಆಗ್ಲಿ, ಅಂದ್ರ ಕರಿ 3. ಕರಿ 1ಕ್ಕ ಕೂಡಿಸಿದ ತಬಲಾ ಆಕೆಗೆ ಪಂಚಮ (ಪ) ಆಗ್ತದ, ನಡುವೆ ತಬಲಾ ಮತ್ತ ಕೂಡಿಸ್ಲಿಕ್ಕೆ ಸುತ್ತಿಗೆ ಹಿಡಿಯೋದು ತಪ್ತದ. ಮಾಲಕಂಸದಂಥ ಪಂಚಮ ಇಲ್ಲದ ರಾಗಕ್ಕ ಇದು ನಡಿಯಂಗಿಲ್ಲ. ಆಗ ಆಕೆಗೆ ಕರಿ 4 ಕೊಡ್ರಿ, ತಬಲಾ ಮಧ್ಯಮ ನುಡೀತದ. ಶ್ರುತಿ ಬದಲಾಗೋ ಜಾಗದಾಗ ಎರಡು ಮಾತು ಇಡ್ರಿ. ಹೊಸ ಷಡ್ಜ ಕಿವಿಗೆ ಕೂಡಲಿಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಬಳ್ಳಾರಿ ನೇಪಥ್ಯ:
ಮೊದಲ ನಿರ್ದೇಶನದಲ್ಲಿ ನಾಯಕನ ಪಾತ್ರ ಬಿಟ್ಟುಕೊಡುವುದೇ ಒಳ್ಳೆಯದು. ಆಗದಿದ್ದರೆ ಮೊದಲ 30 ದಿನ ನಿಮ್ಮ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸಿ, ನೀವು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿ.

ಮೇಳ (ವಾದ್ಯ ನುಡಿಸುವವರು) ಕೂರುವ ಜಾಗವನ್ನು ಈಗಲೇ ಗೊತ್ತುಮಾಡಿ. ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರು ರಂಗದ ಮುಂದೆ, ನಟರ ಕಡೆ ಮುಖ ಮಾಡಿ ಕೂರುತ್ತಿದ್ದರು. ತುಟಿ ನೋಡಿ ಸ್ವರ ಕೊಡುತ್ತಿದ್ದರು. ಈಗ ಸೈಡ್ ವಿಂಗ್‌ನಲ್ಲಿ ಕೂರಿಸುತ್ತಾರೆ. ನಟ ಮುಂದೆ ಬಂದರೆ ಅವರಿಗೆ ಕಾಣುವುದು ಬೆನ್ನು ಮಾತ್ರ, ಹಾಡಿನ ಎತ್ತುಗಡೆ ತಡವಾಗುವುದು ಅಲ್ಲಿಯೇ. ಮೊದಲನೇ ವಿಂಗ್‌ನಲ್ಲೇ ಕೂರಿಸಿ, ಹಾಡುವವರ ಜಾಗ ಅವರ ಕಣ್ಣಳತೆಯಲ್ಲಿರಲಿ.

ಮೊದಲ 12 ದಿನ ಕೂತು ಹಾಡಲಿ. ಆಮೇಲೆ ಕೂತು ಹಾಡಲು ಬಿಡಲೇಬೇಡಿ. ನಡೆಯುತ್ತ ಹಾಡಿದಾಗ ಎಲ್ಲಿ ಉಸಿರು ಕಡಿಯುತ್ತದೆಂದು ಗುರುತು ಹಾಕಿ ಚಲನೆ ಬದಲಿಸಿ. ಓಡಿ ಬಂದವನಿಗೆ ತಾರ ಷಡ್ಜ (ಮೇಲಿನ ಸ) ಸಿಗುವುದಿಲ್ಲ. ಕೊನೆಯ ಏಳು ದಿನ ಪೂರ್ಣ ಮೇಳ, ಮೈಕ್ ಸಮೇತ.

ಪದ ಮತ್ತು ಮಾತು, ಕೊಪ್ಪಳ:
ರಂಗನಿರ್ದೇಶಕ ಬಿ.ವಿ. ಕಾರಂತರ ದಾರಿಯನ್ನೊಮ್ಮೆ ನೋಡಿ. ಬಾಲಕನಾಗಿ ಗುಬ್ಬಿ ಕಂಪನಿಯಲ್ಲಿ ನಟನೆ, ಬನಾರಸಿನಲ್ಲಿ ಹಿಂದೂಸ್ತಾನಿ ಕಲಿಕೆ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಹಾಡು, ನಟನೆ ಎರಡೂ ಗೊತ್ತಿದ್ದವರೇ ನಿರ್ದೇಶನವನ್ನು ಬೇರೆ ವಿದ್ಯೆಯೆಂದು ಕಲಿತರು. ಬಿಡುವಿದ್ದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣಕ್ಕೆ ಹೋಗಿ; ಇಲ್ಲೇ ಇದ್ದು ಕಲಿಯುವುದಾದರೆ ದೊಡ್ಡಾಟದ ಹಿಮ್ಮೇಳದ ಪಕ್ಕ ರಾತ್ರಿಯಿಡೀ ಕೂತುಕೊಳ್ಳಿ. ಕುಣಿತ ನೋಡಿ ಮದ್ದಳೆ ಹೇಗೆ ಹೊರಳುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ.

11 ಹಾಡು ಹೆಚ್ಚಾಯಿತು. ಒಂದಕ್ಕೆ ನಾಲ್ಕು ನಿಮಿಷವೆಂದರೂ 44 ನಿಮಿಷ ಹಾಡಿಗೇ ಹೋಯಿತು. ಒಂದೊಂದು ಹಾಡನ್ನೂ ಬಿಟ್ಟು ದೃಶ್ಯ ಓದಿಸಿ. ಮುಂದಿನ ಮಾತು ಸಲೀಸಾಗಿ ಹೊಂದಿಕೊಂಡರೆ ಆ ಹಾಡು ತೆಗೆಯಿರಿ. ಪಾತ್ರದ ಮನಸ್ಸು ತಿರುಗುವುದು ಹಾಡಿನೊಳಗೇ ಎಂದಾದರೆ ಉಳಿಸಿ, ಪಲ್ಲವಿ ಮಾತ್ರ ಎರಡು ಸಲಕ್ಕಿಂತ ಹೆಚ್ಚು ಬೇಡ.