ಎರಡೂವರೆ ವರ್ಷದ ಮಗುವಿಗೆ ಅಕ್ಕರೆಯ ಚಿತ್ರಪುಸ್ತಕ: ಯಾವುದು, ಓದೋದು ಹೇಗೆ?

ಹಾಲ್ಗಲ್ಲ (ಪ್ರಶ್ನೆ):
ಮಲಗುವ ಹೊತ್ತಿಗೆ ಓದೋಕೆ ಅಮ್ಮ, ಅಪ್ಪ, ಅಜ್ಜಿಯ ಅಕ್ಕರೆಯ ಬಗ್ಗೆ ಚಿತ್ರಪುಸ್ತಕ ಬೇಕು. ಇಂಗ್ಲಿಷಿನಿಂದ ಬಂದವುಗಳಲ್ಲಿ ಪುಟಪುಟಕ್ಕೂ "ನಾನು ನಿನ್ನನ್ನು ಪ್ರೀತಿಸುತ್ತೇನೆ". ಗಟ್ಟಿಯಾಗಿ ಓದಿದರೆ ವಾರ್ತೆ ಓದಿದ ಹಾಗಿರುತ್ತೆ, ಮೂರನೇ ಪುಟಕ್ಕೆ ಮಗು ಎದ್ದು ಹೋಗುತ್ತೆ. ಕನ್ನಡದ್ದೇ ಸಿಗುತ್ತಾ? ಮನೆಯಲ್ಲೇ ಮಾಡಬಹುದಾ?

ಬಾಲವಾಡಿ:
ಆ ವಾಕ್ಯವನ್ನು ಕನ್ನಡದ ಮನೆಗಳಲ್ಲಿ ಮಗುವಿಗೆ ಯಾರೂ ಹೇಳೋದಿಲ್ಲ. ನಮ್ಮಲ್ಲಿ ಮುದ್ದು ಇರೋದು ಕರೆಯೋದರಲ್ಲಿ (ಬಂಗಾರ, ಕಂದ, ಪುಟ್ಟಿ) ಮತ್ತು ಕೈಯಲ್ಲಿ: ಎಣ್ಣೆ ಹಚ್ಚೋದು, ತುತ್ತು ಕೊಡೋದು, ದೃಷ್ಟಿ ತೆಗೆದು ನೆಟಿಕೆ ಮುರಿಯೋದು. ಹಾಗಾಗಿ ಪುಸ್ತಕ ಆರಿಸುವಾಗ 'ಪ್ರೀತಿ' ಅನ್ನೋ ಪದ ಮುಚ್ಚಿ ಚಿತ್ರ ನೋಡಿ. ಯಾರೋ ಯಾರಿಗೋ ಏನೋ ಮಾಡುತ್ತಿರಬೇಕು. ಬರೀ ನಗುತ್ತ ನಿಂತಿದ್ದರೆ ಬಿಟ್ಟುಬಿಡಿ.

ಮಕ್ಕಳ ಪುಸ್ತಕ ಪ್ರಕಾಶನ ತೂಲಿಕಾದ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳನ್ನು ನೋಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಹಂತ 1 ಆಯ್ದುಕೊಂಡರೆ 250 ಪದದೊಳಗಿನ ಕಥೆಗಳು ಉಚಿತವಾಗಿ ಸಿಗುತ್ತವೆ. ಈ ವಯಸ್ಸಿಗೆ ಅದೂ ಜಾಸ್ತಿಯೇ, ಪುಟಕ್ಕೆ 8 ಪದ ಸಾಕು. ಸಿಸಿ ಬೈ 4.0 (ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ) ಪರವಾನಗಿ ಇರುವುದಾದರೆ ವಾಕ್ಯಗಳನ್ನು ನಿಮ್ಮ ಮನೆಮಾತಿಗೆ ತಿದ್ದಿಕೊಂಡು ಮುದ್ರಿಸಬಹುದು. ಲೇಖಕರ, ಚಿತ್ರಕಾರರ ಹೆಸರು, ಪರವಾನಗಿಯ ವಿವರ ಉಳಿಸಿ, ತಿದ್ದಿದ್ದೀರಿ ಅಂತಲೂ ಬರೆಯಿರಿ.

ಓದುವಾಗ ಒಂದು ಉಪಾಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತಲ್ಲ, ಅದರ ಮುಂಚೆ ನಿಲ್ಲಿಸಿ. "ಅಜ್ಜಿ ತಲೆಗೆ ಎಣ್ಣೆ..." ಅಂತ ಬಿಟ್ಟರೆ ನಾಲ್ಕೈದು ಸಲ ಕೇಳಿದ ಮಗು "ಹಚ್ಚಿದ್ಲು" ಅಂತ ತಾನೇ ಮುಗಿಸುತ್ತೆ. ಮೊದಲ ದಿನವೇ ನಿಲ್ಲಿಸಿದರೆ ಪರೀಕ್ಷೆ ಕೊಟ್ಟ ಹಾಗಾಗುತ್ತೆ, ಪುಸ್ತಕ ಮುಚ್ಚುತ್ತೆ. "ಇದು ಯಾವ ಬಣ್ಣ?" ಅಂತ ಕೇಳೋದೂ ಅದೇ ತಪ್ಪು.

ಅಚ್ಚುಮೊಳೆ:
ಮಾಡೋದಾದರೆ ಎ4 ಅಳತೆಯ 170-200 ಜಿಎಸ್‌ಎಂ ಹಾಳೆ (ಈ ಅಂಕಿ ಹಾಳೆಯ ತೂಕದ್ದು, ಹೆಚ್ಚಾದಷ್ಟೂ ದಪ್ಪ) ಮೂರು ಸಾಕು. ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ 12 ಪುಟ: ಮುಖಪುಟ, ಹಿಂಪುಟ, ಒಳಗೆ ಐದು ಜೋಡಿಪುಟ. ಅಲ್ಲಿಗೆ ಐದು ಕೆಲಸ: ಎಣ್ಣೆ, ಸ್ನಾನ, ಜಡೆ, ತುತ್ತು, ಹೊದಿಕೆ.

ಎಲ್ಲರೂ ಎಡವೋದು ಪುಟಗಳ ಜೋಡಣೆಯಲ್ಲಿ. ಹೊರಹಾಳೆಯ ಒಂದು ಮಗ್ಗುಲಿಗೆ, ಎಡದಿಂದ ಬಲಕ್ಕೆ, 12 ಮತ್ತು 1, ಹಿಂದೆ 2 ಮತ್ತು 11. ಎರಡನೆಯದಕ್ಕೆ 10 ಮತ್ತು 3, ಹಿಂದೆ 4 ಮತ್ತು 9. ಒಳಗಿನದಕ್ಕೆ 8 ಮತ್ತು 5, ಹಿಂದೆ 6 ಮತ್ತು 7. ಪ್ರಿಂಟರಿನಲ್ಲಿ ಚಿಕ್ಕ ಅಂಚಿನ ಮೇಲೆ ತಿರುಗಿಸುವ ಆಯ್ಕೆ ಕೊಡಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತೆ. ಮಡಿಕೆ ದಾಟುವ ದೊಡ್ಡ ಚಿತ್ರ 6-7ರಲ್ಲೇ ಇರಲಿ. ಅದೊಂದೇ ಅಖಂಡ ಹಾಳೆ, ಉಳಿದ ಕಡೆ ಮುಖ ಎರಡು ಹೋಳಾಗಿ ಹೊಂದಿಕೆ ತಪ್ಪುತ್ತೆ.

ಅಕ್ಷರ 28 ಪಾಯಿಂಟ್, ಸಾಲಿನ ಅಂತರ ಕನಿಷ್ಠ ಅಕ್ಷರದ ಅಳತೆಯ 1.6 ಪಟ್ಟು. ಇಂಗ್ಲಿಷಿಗೆ ಒಗ್ಗುವ ಅಂತರ ಇಟ್ಟರೆ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತೆ.

ಮಡಚುವ ಮೊದಲು ಇಂಕು ಮುಗಿದ ಪೆನ್ನಿಂದ ಗೆರೆ ಎಳೆಯಿರಿ, ದಪ್ಪ ಹಾಳೆ ಬಿರಿಯಲ್ಲ. ಸ್ಟೇಪಲ್ ಬೇಡ, ಮಗು ಕಿತ್ತು ಬಾಯಿಗೆ ಹಾಕುತ್ತೆ. ಮಡಿಕೆಯ ಮೇಲೆ 3, 10.5, 18 ಸೆಂ.ಮೀ.ಗೆ ತೂತು ಮಾಡಿ. ದಾರ ಒಳಗಿಂದ ನಡುತೂತಿನಲ್ಲಿ ಹೊರಗೆ, ಮೇಲಿನದರಲ್ಲಿ ಒಳಗೆ, ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಒಳಗಿನ ಉದ್ದ ಎಳೆ ಎರಡು ತುದಿಗಳ ನಡುವೆ ಸಿಗುವ ಹಾಗೆ ಗಂಟು ಹಾಕಿ.

ಹಾಲ್ಗಲ್ಲ:
ಜೊಲ್ಲಿಗೆ ಹಾಳಾಗಲ್ವಾ? ಲ್ಯಾಮಿನೇಟ್ ಮಾಡಿಸಲಾ?

ಅಚ್ಚುಮೊಳೆ:
ಇಂಕ್‌ಜೆಟ್ ಬಣ್ಣ ಜೊಲ್ಲಿಗೆ ಹರಡುತ್ತೆ, ಲೇಸರ್ ತಡೆಯುತ್ತೆ. ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಮಡಚಬೇಡಿ, ಮಡಿಕೆಯಲ್ಲಿ ಪೊರೆ ಬಿಟ್ಟುಕೊಳ್ಳುತ್ತೆ. ಬಿಡಿಹಾಳೆಗಳನ್ನೇ ಮಾಡಿಸಿ, ಎಡಅಂಚಿಗೆ ತೂತು ಹಾಕಿ, ದಾರ ಪೋಣಿಸಿ. ಮೂಲೆಗಳನ್ನು ದುಂಡಗೆ ಕತ್ತರಿಸೋದು ಮರೀಬೇಡಿ, ಚೂಪು ಕಣ್ಣಿಗೆ ತಾಗುತ್ತೆ.

ತೊಟ್ಟಿಲು:
ಒಂದೇ ಮಾತು. ಕೊನೆ ಪುಟದಲ್ಲಿ "ಈಗ ಅಮ್ಮನಿಗೆ ಮುತ್ತು ಕೊಡು" ಅಂತ ಬರೀಬೇಡಿ. ಕೆಲವು ಮಕ್ಕಳಿಗೆ ನಿದ್ದೆ ಹೊತ್ತಲ್ಲಿ ಮುಟ್ಟಿದರೆ ಆಗಲ್ಲ, ಆಮೇಲೆ ಪುಸ್ತಕವನ್ನೇ ದೂಡ್ತವೆ. ಅಲ್ಲಿ ಹೊದಿಕೆಯ, ಬೆಕ್ಕಿನ ಚಿತ್ರ ಹಾಕಿ, "ಬೆಕ್ಕಿಗೆ ಯಾರು ಹೊದಿಸ್ತಾರೆ?" ಅಂತ ಕೇಳಿ. ಮಗು ಅಂಗೈಯಿಂದ ಪುಟದ ಬೆಕ್ಕನ್ನು ಮುಚ್ಚುತ್ತೆ.