ಶಾಲಾ ವಾರ್ಷಿಕೋತ್ಸವದ ಕ್ಯಾಸೆಟ್ಟು, ನಮ್ಮ ರಾಕ್ ಬ್ಯಾಂಡು ಮತ್ತು ಮೂವತ್ತು ವರ್ಷದ ಒಂದು ದೂರು

ಹಿಂದಿನ ಬೆಂಚಿನವ, ಬದಿಯಡ್ಕ

ಮಾನ್ಯರೆ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಪ್ರೌಢಶಾಲೆಯೊಂದರ ಕನ್ನಡ ವಿಭಾಗದಿಂದ 1993ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದ ನಾವು ಬರುವ ಡಿಸೆಂಬರ್ ರಜೆಯಲ್ಲಿ ಒಟ್ಟು ಸೇರಲಿದ್ದೇವೆ. ಊಟ, ಗುರುವಂದನೆ, ಫೋಟೋ ಎಲ್ಲವೂ ನಿಶ್ಚಯವಾಗಿದೆ. ನನ್ನ ತೊಡಕು ಬೇರೆ.

ಹತ್ತನೆಯ ತರಗತಿಯಲ್ಲಿದ್ದಾಗ ನಾವು ನಾಲ್ವರು ಸೇರಿ ಒಂದು ರಾಕ್ ಬ್ಯಾಂಡು ಕಟ್ಟಿದ್ದೆವು. ಅದಕ್ಕಿಟ್ಟ ಹೆಸರನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ. 1991ರಲ್ಲಿ ಕೇರಳ ರಾಜ್ಯ ಶಾಲಾ ಯುವಜನೋತ್ಸವ ಕಾಸರಗೋಡಿನಲ್ಲಿ ನಡೆದಾಗ ಅಧ್ಯಾಪಕರ ಜೊತೆ ನೋಡಲು ಹೋಗಿದ್ದ ನಾವು, ನಮ್ಮದೇ ಪ್ರಾಯದ ಹುಡುಗನೊಬ್ಬ ಗಿಟಾರು ಹಿಡಿದು ನಿಂತದ್ದನ್ನು ಕಂಡು ಮರುಳಾದೆವು. ನಮಗೆ ದೊರೆತ ಗಿಟಾರು ಮಲಯಾಳ ವಿಭಾಗದ ಗೆಳೆಯನೊಬ್ಬ ಇಗರ್ಜಿಯ ಗಾಯನತಂಡದಿಂದ ಎರವಲು ತಂದದ್ದು. ಅದರ ಆರು ತಂತಿಗಳಲ್ಲಿ ಐದು ಮಾತ್ರ ಇದ್ದವು. ಡ್ರಮ್ಮಿನ ಬದಲಿಗೆ ಚೆಂಡೆ. ಅದನ್ನು ಬಾರಿಸುತ್ತಿದ್ದವನ ತಂದೆ ಯಕ್ಷಗಾನದ ಹಿಮ್ಮೇಳದವರಾದ್ದರಿಂದ, ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು ಕೊಡು ಎಂದು ಎಷ್ಟು ಹೇಳಿದರೂ ಅವನ ಕೈ ಮೊದಲ ಪೆಟ್ಟಿಗೇ ವಾಲುತ್ತಿತ್ತು, ಪ್ರತಿಯೊಂದು ಹಾಡಿನ ಕೊನೆಗೂ ಒಂದು ಮುಕ್ತಾಯ ಬಾರಿಸದೆ ಅವನು ಕೋಲು ಕೆಳಗಿಡುತ್ತಿರಲಿಲ್ಲ. ಮೂರನೆಯವನು ಶಾಲೆಯ ಹಾರ್ಮೋನಿಯಮ್ಮು ನುಡಿಸುತ್ತಿದ್ದ. ಹಾಡುತ್ತಿದ್ದವನು ನಾನು. ಗಿಟಾರಿನವನ ಮಲಯಾಳಕ್ಕೆ ಚೆಂಡೆಯವನು ತುಳುವಿನಲ್ಲಿ ಉತ್ತರ ಕೊಡುತ್ತಿದ್ದ, ಹಾರ್ಮೋನಿಯಮ್ಮಿನವನು ಹವ್ಯಕ ಕನ್ನಡದಲ್ಲಿ ಇಬ್ಬರನ್ನೂ ಬೈಯುತ್ತಿದ್ದ. ನಾವೇ ಕಟ್ಟಿದ ಒಂದೇ ಒಂದು ಹಾಡಿನ ಪಲ್ಲವಿ 'ಇನ್ನೂರ ಹತ್ತು' ಎಂದಿತ್ತು. ಆಗ 600ರಲ್ಲಿ 210 ಅಂಕ ಬಂದರೆ ಎಸ್ಸೆಸ್ಸೆಲ್ಸಿ ಪಾಸಾಗುತ್ತಿತ್ತು ಎಂಬುದು ಆ ಕಾಲದವರಿಗೆ ನೆನಪಿರಬಹುದು.

1993ರ ಜನವರಿಯ ವಾರ್ಷಿಕೋತ್ಸವದಲ್ಲಿ ಆ ಹಾಡಿನ ನಡುವೆ ದೀಪ, ಮೈಕು ಎಲ್ಲವೂ ಒಮ್ಮೆಲೇ ಆರಿದವು. ಚೆಂಡೆಯೊಂದೇ ಕತ್ತಲಲ್ಲಿ ಮುಂದುವರಿಯಿತು. ಮುಖ್ಯೋಪಾಧ್ಯಾಯರು ಮೈನ್ ಸ್ವಿಚ್ಚಿನ ಪೆಟ್ಟಿಗೆಗೆ ಕೈ ಹಾಕಿದ್ದನ್ನು ನಮ್ಮ ತರಗತಿಯ ಇಬ್ಬರು ಕಣ್ಣಾರೆ ನೋಡಿದ್ದರು. ರಾಕ್ ಸಂಗೀತವನ್ನು ಸಹಿಸಲಾರದೆ ಅವರೇ ಕರೆಂಟು ತೆಗೆದರು ಎಂಬ ಕಥೆಯನ್ನು ಅಂದಿನಿಂದ ಇಂದಿನವರೆಗೂ ನಾನು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಹೆಂಡತಿಯ ತವರಿನಲ್ಲಿ ಹೇಳುತ್ತ ಬಂದಿದ್ದೇನೆ. ಈಗ ಎಂಬತ್ತು ದಾಟಿದ ಅದೇ ಗುರುಗಳು ಗುರುವಂದನೆಗೆ ಬರಲು ಒಪ್ಪಿದ್ದಾರೆ, ಅಂದು ವೇದಿಕೆಯಲ್ಲಿ ನಾಲ್ಕು ಮಾತಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಈ ನಡುವೆ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಆ ದಿನದ ಕ್ಯಾಸೆಟ್ಟು ಸಿಕ್ಕಿದೆ. ಸುರುಳಿಯ ಅಂಚಿನಲ್ಲಿ ಬಿಳಿ ಹುಡಿ ಹಿಡಿದಿದೆ. ಅದನ್ನು ಹಾಳಾಗದಂತೆ ಕೇಳುವುದು ಹೇಗೆ? ಅಂದು ಆದದ್ದೇನೆಂದು ಬಲ್ಲವರು ಯಾರಾದರೂ ಇದ್ದಾರೆಯೇ?

ಟೇಪು ರಿಪೇರಿಯವ, ಮಂಗಳೂರು

ಬಿಳಿ ಹುಡಿ ಬೂಸ್ಟು. ನಮ್ಮ ಮಳೆಗಾಲಕ್ಕೆ ಅಟ್ಟದಲ್ಲಿಟ್ಟ ಕ್ಯಾಸೆಟ್ಟಿಗೆ ಅದು ಬಾರದಿದ್ದರೇ ಆಶ್ಚರ್ಯ. ದಯವಿಟ್ಟು ಅದನ್ನು ಹಾಗೆಯೇ ಯಂತ್ರಕ್ಕೆ ಹಾಕಬೇಡಿ. ಬೂಸ್ಟಿನ ಕಣಗಳು ಯಂತ್ರದೊಳಗೆ ಕೂತು ಮುಂದಿನ ಕ್ಯಾಸೆಟ್ಟುಗಳಿಗೂ ಹಬ್ಬುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಯಾಡುವ ಜಾಗದಲ್ಲಿ, ಸುರುಳಿಯನ್ನು ಕೈಯಿಂದಲೇ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತುತ್ತ ಒಣ ಮೆದುಬಟ್ಟೆಯಿಂದ ಒರೆಸಬೇಕು. ಪೆನ್ಸಿಲು ತೂರಿಸಿ ಸುತ್ತುವ ಹಳೆಯ ವಿದ್ಯೆಯೇ ಇದಕ್ಕೆ ಸಾಕು. ಕ್ಯಾಸೆಟ್ಟಿನ ಬಾಯಲ್ಲಿ ಟೇಪನ್ನು ಹೆಡ್ಡಿಗೆ (ಯಂತ್ರದಲ್ಲಿ ಟೇಪಿನ ಸದ್ದನ್ನು ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಒಂದು ಸಣ್ಣ ಮೆತ್ತೆ ಇರುತ್ತದೆ. ಅದರ ಅಂಟು ಬಿಟ್ಟಿದ್ದರೆ ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟು ಬಿಚ್ಚಿ, ಅದರ ಗೂಡಿಗೆ ನಿಮ್ಮ ಸುರುಳಿಗಳನ್ನು ವರ್ಗಾಯಿಸಿ.

ನುಡಿಸುವ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ತಾಳದ ಕಿಣಿಕಿಣಿ ಅತ್ಯಂತ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಬಳಿಕ ಲೈನ್ ಔಟಿನಿಂದ ಕಂಪ್ಯೂಟರಿನ ಲೈನ್ ಇನ್ನಿಗೆ ಕೊಟ್ಟು, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿಮುದ್ರಿಸಿ, ಮೂಲ ಪ್ರತಿಯನ್ನು ಎಂಪಿ3 ಮಾಡದೆ ವೇವ್ ಕಡತವಾಗಿಯೇ ಇಟ್ಟುಕೊಳ್ಳಿ. ಅಂದು ರೆಕಾರ್ಡರು ಕರೆಂಟಿನಲ್ಲಿತ್ತೇ, ಸೆಲ್ಲಿನಲ್ಲಿತ್ತೇ?

ಹಿಂದಿನ ಬೆಂಚಿನವ, ಬದಿಯಡ್ಕ

ಸೆಲ್ಲಿನಲ್ಲಿತ್ತು. ದುಬೈಯಿಂದ ಮಾವ ತಂದಿದ್ದ ನ್ಯಾಷನಲ್ ಪ್ಯಾನಸೋನಿಕ್; ವೇದಿಕೆಯ ಪಕ್ಕದಲ್ಲಿದ್ದ ಒಂದೇ ಪ್ಲಗ್ಗನ್ನು ಮೈಕ್‌ಸೆಟ್ಟಿನವರು ಹಿಡಿದಿದ್ದರು. ಅದರಿಂದ ಏನು ವ್ಯತ್ಯಾಸ?

ಟೇಪು ರಿಪೇರಿಯವ, ಮಂಗಳೂರು

ಬಹಳ ವ್ಯತ್ಯಾಸವಿದೆ. ಸೆಲ್ಲು ಸೋತಾಗ ಮೋಟರು ನಿಧಾನವಾಗುತ್ತದೆ. ಹಾಗೆ ನಿಧಾನಗತಿಯಲ್ಲಿ ಮುದ್ರಿತವಾದದ್ದನ್ನು ಇಂದು ಸರಿಯಾದ ವೇಗದಲ್ಲಿ ಕೇಳಿದರೆ ಹಾಡು ಓಡುತ್ತದೆ, ದನಿ ತೆಳ್ಳಗಾಗುತ್ತದೆ. ಅದನ್ನು ತಿದ್ದಲು ಅಳತೆಗೋಲೊಂದು ಬೇಕಲ್ಲ, ಅದು ನಿಮ್ಮ ಟೇಪಿನಲ್ಲೇ ಇರಬಹುದು: ಮೈಕ್‌ಸೆಟ್ಟಿನ ಗುಂಯ್‌ಗುಡುವಿಕೆ. ಅದು ಕರೆಂಟಿನದೇ ಸದ್ದು, 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಅಥವಾ ಅದರ ಇಮ್ಮಡಿ. ಆಡಾಸಿಟಿಯಲ್ಲಿ ಅದು 53 ಎಂದು ಕಂಡರೆ ವೇಗ ಶೇ. 6ರಷ್ಟು, ಅಂದರೆ ಸರಿಸುಮಾರು ಅರ್ಧ ಸ್ವರದಷ್ಟು ಏರಿದೆಯೆಂದು ಲೆಕ್ಕ. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಆ ವರ್ಷಗಳಲ್ಲಿ ದಕ್ಷಿಣದ ವಿದ್ಯುತ್ ಜಾಲದಲ್ಲಿ ಬೇಡಿಕೆ ಏರಿದ ಹೊತ್ತಿಗೆ ಆವರ್ತನ 49ಕ್ಕಿಂತ ಕೆಳಗೆ ಇಳಿಯುತ್ತಿದ್ದುದುಂಟು. ಹಾರ್ಮೋನಿಯಮ್ಮಿನ ಶ್ರುತಿ ಅಷ್ಟು ಬೇಗ ಕದಲುವುದಿಲ್ಲವಾದ್ದರಿಂದ, ಶಾಲೆಯಲ್ಲಿ ಆ ಪೆಟ್ಟಿಗೆ ಇನ್ನೂ ಉಳಿದಿದ್ದರೆ ಅದರ ಒಂದು ಮನೆಯ (ಕೀಲಿಯ) ಸ್ವರವನ್ನು ಫೋನಿನಲ್ಲಿ ಮುದ್ರಿಸಿ ತಂದು ಹೋಲಿಸಿ ನೋಡಿ.

ಪುಣೆಯಲ್ಲಿರುವ ಸಹಪಾಠಿನಿ

ಈ ಬರಹವನ್ನು ತಂಗಿ ಕಳುಹಿಸಿಕೊಟ್ಟಳು. ಸ್ವಾಮೀ ಹಿಂದಿನ ಬೆಂಚಿನವರೇ, ಮೈನ್ ಸ್ವಿಚ್ಚಿನ ಬಳಿ ಟಾರ್ಚು ಹಿಡಿದು ನಿಂತಿದ್ದವಳು ನಾನು. ಮುಂದಿನ ನೃತ್ಯಕ್ಕಾಗಿ ಬಣ್ಣ ಹಚ್ಚಿಕೊಂಡು ಕಚೇರಿಯ ಜಗಲಿಯಲ್ಲಿ ಕಾಯುತ್ತಿದ್ದೆ. ದೀಪ ಆರಿದ ಮೇಲೆಯೇ ಹೆಡ್‌ಮಾಸ್ಟ್ರು ವೇದಿಕೆಯ ಮುಂದಿನ ಕುರ್ಚಿಯಿಂದ ಎದ್ದು ಬಂದದ್ದು; ಬರುವಾಗ ಕತ್ತಲಲ್ಲಿ ಒಂದು ಬೆಂಚಿಗೆ ಮೊಣಕಾಲು ಬಡಿಸಿಕೊಂಡದ್ದನ್ನೂ ಕಂಡಿದ್ದೇನೆ. ಆ ವರ್ಷ ವೇದಿಕೆಗೆ 1000 ವಾಟಿನ ಎರಡು ಹ್ಯಾಲೊಜೆನ್ ದೀಪ ತರಿಸಿದ್ದರು. ಅವೆರಡೇ ಎಂಟು ಆಂಪಿಯರಿಗೂ ಹೆಚ್ಚು ಎಳೆಯುತ್ತಿದ್ದವೆಂಬ ಲೆಕ್ಕ ನನಗೆ ಆಮೇಲೆ ಇಂಜಿನಿಯರಿಂಗ್ ಓದುವಾಗ ತಿಳಿಯಿತು. ಫ್ಯೂಸು ಸುಟ್ಟಿತ್ತು.

ಮೈನ್ ಆಫ್ ಮಾಡದೆ ಫ್ಯೂಸು ಕಟ್ಟಲಾಗುವುದಿಲ್ಲವಲ್ಲ, ಹಾಗಾಗಿ ಅವರು ಸನ್ನೆಕೋಲನ್ನು ಕೆಳಗೆಳೆದರು. ನಿಮ್ಮ ಇಬ್ಬರು ಕಣ್ಣಾರೆ ನೋಡಿದ್ದು ಅದನ್ನೇ. ಪಿಂಗಾಣಿಯ ಫ್ಯೂಸನ್ನು ಹೊರಗೆ ಎಳೆದಾಗ ಬೆರಳು ಸುಟ್ಟು ಉಫ್ ಉಫ್ ಎಂದು ಊದಿದರು. ಕಚೇರಿಯಲ್ಲಿ ಫ್ಯೂಸ್ ತಂತಿ ಇರಲಿಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯ ವಯರು ಸುಲಿದು ಒಂದು ಎಳೆ ತೆಗೆದು ಹಾಕಿದರು, ಸ್ವಿಚ್ಚು ಏರಿಸಿದ ಕೂಡಲೇ ಅದೂ ಹೋಯಿತು. ಆಮೇಲೆ ಎರಡು ಎಳೆಗಳನ್ನು ಹೊಸೆದು ಸಿಕ್ಕಿಸಿದರು. ಅಷ್ಟೂ ಹೊತ್ತು ಚೆಂಡೆ ಕೇಳುತ್ತಲೇ ಇತ್ತು. 'ಬಾರಿಸುತ್ತಿರುವುದು ಯಾರು?' ಎಂದು ಕೇಳಿದರು, ಹೇಳಿದೆ. 'ಪೆಟ್ಟು ಒಳ್ಳೆಯದಿದೆ. ಇವನಿಗೆ ಆ ಗಿಟಾರಿನವರ ಸಹವಾಸ ಯಾಕೆ?' ಎಂದರು. ನಿಮ್ಮ ಸಂಗೀತ ಅವರಿಗೆ ಹಿಡಿಸಿರಲಿಲ್ಲ ಎಂಬಷ್ಟರ ಮಟ್ಟಿಗೆ ನಿಮ್ಮ ಕಥೆ ನಿಜ. ಕರೆಂಟು ತೆಗೆದದ್ದು ಅವರಲ್ಲ.

ಅಂದ ಹಾಗೆ, ನಿಮ್ಮ ಗಿಟಾರಿನವನು ಮಲಯಾಳ ವಿಭಾಗದವನು. ಸಮ್ಮಿಲನದ ವಾಟ್ಸಾಪ್ ಗುಂಪಿನಲ್ಲಿ ಅವನಿದ್ದಾನೆಯೇ? ಒಂದೇ ಅಂಗಳದಲ್ಲಿ ಅಸೆಂಬ್ಲಿಗೆ ನಿಂತವರು, ಒಂದೇ ಗಂಟೆಗೆ ಮನೆಗೆ ಓಡಿದವರು, ಈಗ ಪಟ್ಟಿ ಮಾಡುವಾಗ ಮಾತ್ರ ವಿಭಾಗ ನೋಡುತ್ತೇವೆ. ಅವನಿಲ್ಲದೆ ಆ ಕ್ಯಾಸೆಟ್ಟು ಕೇಳಿಸುವುದಾದರೆ ನಾನು ಪುಣೆಯಿಂದ ಬರುವುದಿಲ್ಲ.

ಹಿಂದಿನ ಬೆಂಚಿನವ, ಬದಿಯಡ್ಕ

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಶಾಲೆಯ ಹಾರ್ಮೋನಿಯಮ್ಮು ಸಿಕ್ಕಿತು. ತಿದಿ ಹರಿದಿದ್ದರೂ ಎರಡು ಸ್ವರ ಬಂದವು. ಹೋಲಿಸಿದಾಗ ಟೇಪು ಅರ್ಧ ಸ್ವರಕ್ಕಿಂತ ತುಸು ಹೆಚ್ಚೇ ಏರಿತ್ತು. ತಿದ್ದಿದ ಮೇಲೆ ನನ್ನ ದನಿ ನಾನು ಎಣಿಸಿದ್ದಕ್ಕಿಂತ ಬಹಳ ಒಡೆದದ್ದು ಎಂದು ಗೊತ್ತಾಯಿತು. ಎರಡನೆಯ 'ಇನ್ನೂರ ಹತ್ತು' ಮುಗಿಯುವಲ್ಲಿ ಗುಂಯ್ ಎಂಬ ಸದ್ದು ನಿಲ್ಲುತ್ತದೆ, ಬೆಂಚೊಂದು ಕಿರ್ರೆಂದು ಸರಿಯುತ್ತದೆ. ಅದು ಮೊಣಕಾಲಿನದೇ ಇರಬೇಕು. ಬಳಿಕ ಚೆಂಡೆ ಮಾತ್ರ, ಸುಮಾರು ಎರಡು ನಿಮಿಷ. ಕರೆಂಟು ಮರಳಿ ಬರುವ ಮೊದಲೇ ಆ ಮಗ್ಗುಲಿನ ಟೇಪು ಮುಗಿದಿದೆ.

ಗಿಟಾರಿನವನಿಗೆ ನಿನ್ನೆ ಫೋನು ಮಾಡಿದೆ. ಅವನು ಈಗ ನೀಲೇಶ್ವರದಲ್ಲಿದ್ದಾನೆ. ಕರೆಯದಿದ್ದುದಕ್ಕೆ ಮೊದಲು ಚೆನ್ನಾಗಿ ಬೈದ, ಆಮೇಲೆ ಮಲಯಾಳ ವಿಭಾಗದ ಹನ್ನೊಂದು ಮಂದಿಯ ನಂಬರು ಕಳುಹಿಸಿದ. ಊಟದ ಲೆಕ್ಕ ಬದಲಾಗಿದೆ. ಗುರುಗಳ ಮನೆಗೆ ಭಾನುವಾರ ಚೆಂಡೆಯವನನ್ನು ಕರೆದುಕೊಂಡು ಹೋಗುತ್ತೇನೆ.